ದೊಡ್ಡ ಮೀನು ಒಂದಾ, ಸಣ್ಣ ಮೀನು ಹತ್ತಾ? ಗಾಳ ಹಾಕೋರ ಹಳೇ ಪ್ರಶ್ನೆ, ಕಾವೇರಿಯ ಹೊಸ ಪಾಠ

(ಇವತ್ತಿನ ಎಪಿಸೋಡ್‌ನ ಬರಹ ರೂಪ. ಕೇಳೋಕೆ ಟೈಮ್ ಇಲ್ಲದವರು ಇಲ್ಲೇ ಓದ್ಕೋಬಹುದು.)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿರೋ ಎಲ್ಲರಿಗೂ ಇವತ್ತು ಮೊದಲು ಒಂದು ಪ್ರಶ್ನೆ.

ಬೆಳಗ್ಗೆಯಿಂದ ಸಂಜೆವರೆಗೆ ನೀವು ನದಿ ದಡದಲ್ಲಿ ಗಾಳ ಹಾಕಿ ಕೂತಿದ್ದೀರಿ ಅಂದ್ಕೊಳ್ಳಿ. ಎರಡು ಆಯ್ಕೆ ಇದೆ. ಒಂದು, ದಿನವಿಡೀ ಗಾಳ ಅಲ್ಲಾಡೋದೇ ಇಲ್ಲ. ಆದರೆ ಸಂಜೆ ಹೊತ್ತಿಗೆ ಇಪ್ಪತ್ತು ಕೆಜಿಯ ಒಂದು ಮೀನು ಸಿಗುತ್ತೆ. ಎರಡನೇದು, ಅರ್ಧ ಗಂಟೆಗೊಂದರಂತೆ ಒಂದೊಂದು ಕೆಜಿಯ ಇಪ್ಪತ್ತು ಮೀನು ಸಿಗುತ್ತೆ. ತೂಕ ಎರಡರಲ್ಲೂ ಒಂದೇ. ನಿಮಗೆ ಯಾವುದು ಬೇಕು?

ಗಾಳ ಹಾಕೋ ಹವ್ಯಾಸ ಇರೋರ ಗುಂಪಲ್ಲಿ ಈ ಪ್ರಶ್ನೆ ಎತ್ತಿದರೆ ಸಂಜೆವರೆಗೂ ವಾದ ಮುಗಿಯಲ್ಲ. ಮೇಲ್ನೋಟಕ್ಕೆ ಇದು ಕಾಫಿನಾ ಟೀನಾ ಅನ್ನೋ ಥರದ ಪ್ರಶ್ನೆ. ಅವರವರ ಇಷ್ಟ, ಅಷ್ಟೇ. ಆದರೆ ನಮ್ಮದೇ ಕಾವೇರಿಯಲ್ಲಿ ಇದು ಇಷ್ಟದ ಪ್ರಶ್ನೆಯಾಗಿ ಉಳಿಯಲಿಲ್ಲ. ಅಲ್ಲಿ ಗಾಳಕ್ಕೆ ಸಿಗೋ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರ್ತಾ ಹೋಯ್ತು. ಅದೇ ವರ್ಷಗಳಲ್ಲಿ ಆ ನದಿಗೆ ಹೆಸರು ತಂದಿದ್ದ ದೊಡ್ಡ ಮೀನು ಸದ್ದಿಲ್ಲದೆ ಕಡಿಮೆ ಆಗ್ತಾ ಹೋಯ್ತು. ಅದು ಹೇಗೆ ಅಂತ ಅರ್ಥ ಮಾಡಿಕೊಳ್ಳೋದೇ ಇವತ್ತಿನ ವಿಷಯ.

ಯಾರಿಗೆ ಯಾವುದು ಇಷ್ಟ?

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳೋಣ. ಹೊಟ್ಟೆಪಾಡಿಗೆ ಬಲೆ ಬೀಸೋರು ಬೇರೆ, ಹವ್ಯಾಸಕ್ಕೆ ಗಾಳ ಹಾಕೋರು ಬೇರೆ. ಮೀನುಗಾರರಿಗೆ ಮಾರುಕಟ್ಟೆಯ ರೇಟು, ಡೀಸೆಲ್ ಖರ್ಚು, ಮನೆಯ ಅಕ್ಕಿ ಬೇಳೆ ಎಲ್ಲ ಲೆಕ್ಕಕ್ಕೆ ಬರುತ್ತೆ. ಹವ್ಯಾಸಿಗಳಿಗೆ ಮೀನಿಗಿಂತ ಮೀನು ಹಿಡಿಯೋ ಅನುಭವ ಮುಖ್ಯ. ನಾವಿಲ್ಲಿ ಮಾತಾಡ್ತಿರೋದು ಈ ಎರಡನೇ ಗುಂಪಿನ ಬಗ್ಗೆ.

ಈ ಹವ್ಯಾಸಿಗಳ ಮನಸ್ಸನ್ನ ಅಳೆಯೋ ಕೆಲಸ ಶುರುವಾಗಿ ಸುಮಾರು ಐವತ್ತು ವರ್ಷ ಆಯ್ತು. 1977ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಹಾಬ್ಸನ್ ಬ್ರಯಾನ್ ಅವರು ಟ್ರೌಟ್ ಮೀನು ಹಿಡಿಯೋರ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅವರು ಹೇಳಿದ್ದು ಇಷ್ಟು: ಗಾಳ ಹಾಕೋರೆಲ್ಲ ಒಂದೇ ಥರ ಅಲ್ಲ, ಅವರಲ್ಲಿ ಮೆಟ್ಟಿಲುಗಳಿವೆ. ಯಾವಾಗಲೋ ಒಮ್ಮೆ ಬರೋರು ಕೆಳಗಿನ ಮೆಟ್ಟಿಲು. ಅವರಿಗೆ ಯಾವ ಮೀನಾದರೂ ಸರಿ, ಸಿಕ್ಕರೆ ಸಾಕು. ಸ್ವಲ್ಪ ಪಳಗಿದ ಮೇಲೆ ಹೆಚ್ಚು ಹೆಚ್ಚು ಮೀನು ಹಿಡೀಬೇಕು ಅನ್ನೋ ಆಸೆ ಬರುತ್ತೆ. ಇನ್ನೂ ಪಳಗಿದರೆ ಲೆಕ್ಕದ ಚಟ ಕಳೆದು ದೊಡ್ಡದನ್ನೇ ಹಿಡೀಬೇಕು ಅನ್ನೋ ಹಟ ಹುಟ್ಟುತ್ತೆ. ಮೇಲಿನ ಮೆಟ್ಟಿಲಲ್ಲಿ ಇರೋರಿಗೆ ಇಂಥದ್ದೇ ಮೀನು, ಇಂಥದ್ದೇ ನೀರು, ಇಂಥದ್ದೇ ವಿಧಾನ. ಮೀನು ಸಿಗದಿದ್ದರೂ ಅವರಿಗೆ ಬೇಜಾರಿಲ್ಲ.

ನಮ್ಮೂರ ಕೆರೆ ಏರಿ ಮೇಲೆ ನೋಡಿದರೂ ಇದು ಗೊತ್ತಾಗುತ್ತೆ. ಎರೆಹುಳ ಸಿಕ್ಕಿಸಿ ಗಾಳ ಹಾಕೋ ಹುಡುಗರಿಗೆ ಜಿಲೇಬಿ ಮೀನು ಪಟಪಟ ಸಿಕ್ಕಷ್ಟೂ ಖುಷಿ. ಎಷ್ಟು ಸಿಕ್ತು ಅಂತ ಎಣಿಸ್ಕೊಂಡೇ ಮನೆಗೆ ಹೋಗ್ತಾರೆ. ಅದೇ ಏರಿಯ ಇನ್ನೊಂದು ತುದಿಯಲ್ಲಿ ಒಬ್ಬರು ಹಿರಿಯರು ದಪ್ಪ ಹುರಿ ಹಾಕಿ, ದೊಡ್ಡ ಹಿಟ್ಟಿನ ಉಂಡೆ ಕಟ್ಟಿ, ಒಂದೇ ಒಂದು ದೊಡ್ಡ ಕಾಟ್ಲಾಗೆ ಕಾಯ್ತಾ ಕೂತಿರ್ತಾರೆ. ಸಣ್ಣ ಮೀನು ಬಂದು ಕಚ್ಚಿದರೆ ಅವರಿಗೆ ಕಿರಿಕಿರಿ.

ಇಲ್ಲೊಂದು ಸೂಕ್ಷ್ಮ ಇದೆ. ಸಣ್ಣ ಕೊಕ್ಕೆಗೆ ಸಣ್ಣ ಮೀನು, ದೊಡ್ಡ ಉಂಡೆಗೆ ದೊಡ್ಡ ಮೀನು. ಅಂದರೆ ನೀವು ಏನನ್ನ ಬಯಸ್ತೀರೋ ಅದಕ್ಕೆ ತಕ್ಕ ಗಾಳ ಹಾಕ್ತೀರಿ, ಅದೇ ನಿಮಗೆ ಸಿಗುತ್ತೆ. ನದಿಯಲ್ಲಿ ಇರೋದೆಲ್ಲ ನಿಮ್ಮ ಬುಟ್ಟಿಗೆ ಬರಲ್ಲ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಬಾಯಲ್ಲಿ ಹೇಳೋದು ಒಂದು, ಮನಸ್ಸಲ್ಲಿ ಇರೋದು ಇನ್ನೊಂದು

‘ಯಾಕೆ ಗಾಳ ಹಾಕ್ತೀರಿ?’ ಅಂತ ಕೇಳಿದರೆ ಬಹಳಷ್ಟು ಜನ ಏನು ಹೇಳ್ತಾರೆ ಗೊತ್ತಾ? ನೆಮ್ಮದಿ, ನದಿಯ ಗಾಳಿ, ಗೆಳೆಯರ ಜೊತೆ ಹರಟೆ, ಮೊಬೈಲ್‌ನಿಂದ ದೂರ ಇರೋದು. ಮೀನಿನ ಹೆಸರು ಪಟ್ಟಿಯ ಕೊನೆಗೆ ಬರುತ್ತೆ.

ಜರ್ಮನಿಯ ಮೀನು ವಿಜ್ಞಾನಿ ರಾಬರ್ಟ್ ಅರ್ಲಿಂಗ್‌ಹೌಸ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಯಾಕೆ ಹೋಗ್ತೀರಿ ಅನ್ನೋ ಪ್ರಶ್ನೆಗೆ ಪ್ರಕೃತಿ, ವಿಶ್ರಾಂತಿ ಅನ್ನೋ ಉತ್ತರಗಳು ಮುಂದಿದ್ದವು. ಆದರೆ ನಿಮಗೆ ತೃಪ್ತಿ ಆಗಿದೆಯಾ ಅಂತ ನೋಡಿದಾಗ ಅದು ಮೀನು ಸಿಕ್ಕಿದ್ದರ ಮೇಲೇ ನಿಂತಿತ್ತು. ಹೋಗೋದು ನೆಮ್ಮದಿಗೆ, ವಾಪಸ್ ಬರುವಾಗ ಮುಖ ಅರಳಿದೆಯೋ ಬಾಡಿದೆಯೋ ಅನ್ನೋದು ಮೀನಿನ ಲೆಕ್ಕ.

ಹಾಗಾದರೆ ಆ ತೃಪ್ತಿ ಸಂಖ್ಯೆಯಿಂದ ಬರುತ್ತಾ, ಗಾತ್ರದಿಂದ ಬರುತ್ತಾ? ಒಂದೇ ಉತ್ತರ ಇಲ್ಲ. ಯಾವ ಮೀನು, ಹಿಡಿಯೋರು ಯಾರು, ಎರಡರ ಮೇಲೂ ಅದು ಬದಲಾಗುತ್ತೆ. ಅಡುಗೆಗೆ ಅಂತ ಹಿಡಿಯೋ ಸಣ್ಣ ಮೀನಿನಲ್ಲಿ ಸಂಖ್ಯೆಗೆ ಬೆಲೆ. ಕಾರ್ಪ್, ಪೈಕ್, ಮಹಶೀರ್ ಥರದ ಸೆಣಸೋ ಮೀನುಗಳಲ್ಲಿ ಗಾತ್ರಕ್ಕೆ ಬೆಲೆ. ಮೊದಲನೇ ಮೀನಿನ ಖುಷಿ ಹದಿನೈದನೇ ಮೀನಿಗೆ ಇರಲ್ಲ ಅನ್ನೋದೂ ನಿಜ. ಮೊದಲನೇ ಹೋಳಿಗೆ ತಿಂದಾಗಿನ ರುಚಿ ಐದನೇದಕ್ಕೆ ಇರುತ್ತಾ ಹೇಳಿ.

ಆಟದ ನಿಯಮ ಬರೆಯೋರಿಗೂ ಇದೇ ತಲೆನೋವು. ಅಮೆರಿಕದಲ್ಲಿ ಬಾಸ್ ಅನ್ನೋ ಮೀನು ಹಿಡಿಯೋ ಸ್ಪರ್ಧೆಗಳು ದೊಡ್ಡ ಉದ್ಯಮ. ಅಲ್ಲಿನ ಹಳೇ ಬಾಸ್‌ಮಾಸ್ಟರ್ ಸ್ಪರ್ಧೆಗಳಲ್ಲಿ ದಿನಕ್ಕೆ ಐದು ಮೀನಿನ ತೂಕ ಮಾತ್ರ ಲೆಕ್ಕ. ಎಷ್ಟೇ ಹಿಡಿದರೂ ಅತಿ ದೊಡ್ಡ ಐದನ್ನ ಇಟ್ಕೊಂಡು ಉಳಿದದ್ದನ್ನ ಬಿಡಬೇಕು. ಇದು ‘ದೊಡ್ಡ ಮೀನು’ ಪಕ್ಷ. 2019ರಲ್ಲಿ ಶುರುವಾದ ಬಾಸ್ ಪ್ರೋ ಟೂರ್ ಬೇರೆ ದಾರಿ ಹಿಡೀತು. ನಿಗದಿ ಮಾಡಿದ ತೂಕ ದಾಟಿದ ಪ್ರತಿ ಮೀನೂ ಲೆಕ್ಕಕ್ಕೆ ಬರುತ್ತೆ, ದೋಣಿಯಲ್ಲೇ ತೂಗಿ ಅಲ್ಲೇ ಬಿಡಬೇಕು. ಇದು ‘ಹೆಚ್ಚು ಮೀನು’ ಪಕ್ಷ. ನಿಯಮ ಬದಲಾದ ತಕ್ಷಣ ಅದೇ ಆಟಗಾರರು ಗಾಳ ಹಾಕೋ ಜಾಗ ಬದಲಾಯ್ತು, ಕೊಕ್ಕೆ ಬದಲಾಯ್ತು, ಅವಸರವೂ ಬದಲಾಯ್ತು. ನಾವು ಏನನ್ನ ಎಣಿಸ್ತೀವೋ ಅದರ ಹಿಂದೆನೇ ಓಡ್ತೀವಿ.

ಇದನ್ನೆಲ್ಲ ಹೇಳಿದ್ದು ಯಾಕೆ ಅಂದರೆ, ಕಾವೇರಿಯಲ್ಲಿ ಎಣಿಕೆಯೇ ಕಥೆಯ ಮುಖ್ಯ ಪಾತ್ರ. ಈಗ ಅಲ್ಲಿಗೆ ಹೋಗೋಣ.

ಕಾವೇರಿಯ ಆ ದೈತ್ಯ

ಮಹಶೀರ್ ಅನ್ನೋ ಹೆಸರು ನೀವು ಕೇಳಿರ್ತೀರಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಪುರಿ ಹಾಕಿದಾಗ ಮುತ್ತಿಕೊಳ್ಳೋ ದೊಡ್ಡ ದೊಡ್ಡ ಮೀನುಗಳಿವೆಯಲ್ಲ, ಅವು ಈ ಬಳಗದವು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯಲ್ಲೂ ಇವನ್ನ ದೇವರ ಮೀನು ಅಂತ ಕಾಪಾಡ್ಕೊಂಡು ಬಂದಿದ್ದಾರೆ. ಅಲ್ಲಿ ಯಾರೂ ಗಾಳ ಹಾಕಲ್ಲ.

ಮಹಶೀರ್ ಅಂದರೆ ಒಂದೇ ಮೀನಲ್ಲ, ಹಲವು ಜಾತಿಗಳ ಗುಂಪು. ಅದರಲ್ಲಿ ಅತಿ ದೊಡ್ಡದಾಗಿ ಬೆಳೆಯೋ ಜಾತಿಗಳಲ್ಲೊಂದು ಕಾವೇರಿಯಲ್ಲಿತ್ತು. ತಲೆಯ ಹಿಂದೆ ಬೆನ್ನು ಉಬ್ಬಿಕೊಂಡಿರೋದರಿಂದ ಅದನ್ನ ಡುಬ್ಬದ ಮಹಶೀರ್ ಅನ್ನೋಣ. ಚಿನ್ನದ ಬಣ್ಣದ ಮೈ, ಕಿತ್ತಳೆ ಛಾಯೆಯ ಈಜುರೆಕ್ಕೆ. ಪ್ರಪಂಚದಲ್ಲಿ ಕಾವೇರಿ ಮತ್ತು ಅದರ ಉಪನದಿಗಳನ್ನ ಬಿಟ್ಟರೆ ಇದು ಇನ್ನೆಲ್ಲೂ ಸಹಜವಾಗಿ ಇಲ್ಲ.

ಬ್ರಿಟಿಷರ ಕಾಲದಲ್ಲೇ ಇದರ ಹೆಸರು ದೂರ ದೂರ ಹರಡಿತ್ತು. ಮದ್ರಾಸ್ ಪ್ರಾಂತ್ಯದ ಅಧಿಕಾರಿಯಾಗಿದ್ದ, ದಕ್ಷಿಣ ಕನ್ನಡದಲ್ಲೂ ಕೆಲಸ ಮಾಡಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ ಭಾರತದಲ್ಲಿ ಗಾಳ ಹಾಕೋದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅದರಲ್ಲಿ ಮಹಶೀರ್‌ಗೆ ದೊಡ್ಡ ಸ್ಥಾನ. 1919ರಲ್ಲಿ ಕಾವೇರಿಯಲ್ಲಿ 119 ಪೌಂಡ್ ತೂಕದ ಮಹಶೀರ್ ಸಿಕ್ಕಿದ ದಾಖಲೆ ಇದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿವೆಟ್ ವ್ಯಾನ್ ಇಂಗೆನ್ 120 ಪೌಂಡ್ ಮೀನು ಹಿಡಿದರು. ಅಂದರೆ ಸುಮಾರು 54 ಕೆಜಿ. ಒಬ್ಬ ಹೈಸ್ಕೂಲ್ ಹುಡುಗನ ತೂಕ! ಸತ್ತ ಹುಲಿ, ಚಿರತೆಗಳನ್ನ ಜೀವಂತದಂತೆ ನಿಲ್ಲಿಸೋ ಕಲೆಗೆ ಹೆಸರಾಗಿದ್ದ ಕುಟುಂಬ ಅದು.

ಆ ಕಾಲದವರೆಲ್ಲ ಪಕ್ಕಾ ‘ದೊಡ್ಡ ಮೀನು’ ಪಕ್ಷ. ಆದರೆ ಹಿಡಿದ ಮೀನನ್ನ ವಾಪಸ್ ಬಿಡೋ ರೂಢಿ ಆಗ ಇರಲಿಲ್ಲ. ಸ್ವಾತಂತ್ರ್ಯದ ನಂತರ ಅಣೆಕಟ್ಟುಗಳು ಎದ್ದವು, ನದಿಯ ಮಡುಗಳಿಗೆ ಸಿಡಿಮದ್ದು ಎಸೆದು ಮೀನು ಕೊಲ್ಲೋರು ಹೆಚ್ಚಾದರು. ಆ ದೈತ್ಯ ಮೀನು ಇನ್ನಿಲ್ಲ ಅಂತಲೇ ಹೊರಗಿನ ಜನ ಅಂದ್ಕೊಂಡಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ಯುವಕರು ಹುಡುಕಿಕೊಂಡು ಬಂದು ಕಾವೇರಿಯಲ್ಲಿ ದೊಡ್ಡ ಮಹಶೀರ್ ಹಿಡಿದು ತೋರಿಸಿದ ಮೇಲೆ ಮತ್ತೆ ಎಲ್ಲರ ಕಣ್ಣು ಇತ್ತ ತಿರುಗಿತು.

ಹಿಡಿ, ತೂಗು, ಬಿಡು

ಆಮೇಲೆ ಬಂದದ್ದು ಕ್ಯಾಂಪ್‌ಗಳ ಕಾಲ. ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಒಂದು ಭಾಗವನ್ನ ನೋಡಿಕೊಳ್ಳೋಕೆ ಶುರು ಮಾಡಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯಲ್ಲಿ ಕ್ಯಾಂಪ್ ಮಾಡಿತು. ಕನಕಪುರದಿಂದ ಸಂಗಮ, ಮೇಕೆದಾಟು ಕಡೆ ಟ್ರಿಪ್ ಹೋದವರಿಗೆ ಈ ಹೆಸರುಗಳು ಗೊತ್ತಿರುತ್ತೆ.

ನಿಯಮ ಒಂದೇ: ಹಿಡಿ, ತೂಗು, ವಾಪಸ್ ಬಿಡು. ರಾಗಿ ಹಿಟ್ಟನ್ನ ಮುದ್ದೆ ಥರ ಬೇಯಿಸಿ, ಉಂಡೆ ಕಟ್ಟಿ ಕೊಕ್ಕೆಗೆ ಸಿಕ್ಕಿಸಬೇಕು. ಹೌದು, ನಮ್ಮ ರಾಗಿ ಮುದ್ದೆಯೇ! ಮೀನು ಕಚ್ಚಿದರೆ ಬಂಡೆಗಳ ನಡುವೆ ತೆಪ್ಪದಲ್ಲಿ ಅದರ ಹಿಂದೆ ಹೋಗಬೇಕು. ಜೊತೆಗೆ ನದಿಯ ಪ್ರತಿ ಮಡು ಗೊತ್ತಿರೋ ಊರಿನ ಗೈಡ್‌ಗಳು. ಅವರಲ್ಲಿ ಕೆಲವರು ಹಿಂದೆ ಕಳ್ಳತನದಲ್ಲಿ ಮೀನು ಹಿಡೀತಿದ್ದವರು. ಜೀವಂತ ಮೀನಿನಿಂದ ಸಂಬಳ ಬರೋಕೆ ಶುರುವಾದ ಮೇಲೆ ಅವರೇ ಕಾವಲುಗಾರರಾದರು. ಸಿಡಿಮದ್ದು ಹಾಕೋರ ಮೇಲೆ ಕಣ್ಣಿಡೋಕೆ ದಡದಲ್ಲಿ ಜನ ಇದ್ದಂತಾಯ್ತು.

ಕ್ಯಾಂಪ್‌ನಲ್ಲಿ ಇನ್ನೊಂದು ಒಳ್ಳೇ ಅಭ್ಯಾಸ ಇತ್ತು. ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಸಿಕ್ತು, ಎಷ್ಟು ತೂಕ ಅಂತ ಬರೆದಿಡ್ತಿದ್ದರು. ಬರೆಯುವಾಗ ಅದು ಬರೀ ಹೆಮ್ಮೆಯ ಲೆಕ್ಕ. ಮುಂದೆ ಅದೇ ವಿಜ್ಞಾನಕ್ಕೆ ದಾಖಲೆ ಆಯ್ತು.

ಸಂಖ್ಯೆ ಏರಿತು, ತೂಕ ಇಳಿಯಿತು

ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಅನ್ನೋ ಮೂವರು ವಿಜ್ಞಾನಿಗಳು ಗಾಳಿಬೋರೆ ಕ್ಯಾಂಪ್‌ನ 1998ರಿಂದ 2012ರವರೆಗಿನ ಲೆಕ್ಕವನ್ನ ತೆಗೆದುಕೊಂಡು 2015ರಲ್ಲಿ ಅಧ್ಯಯನ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳ, 6,161 ಮಹಶೀರ್. ಅಂದರೆ ಹೆಚ್ಚೂಕಡಿಮೆ ನಾಲ್ಕು ಗಂಟೆಗೊಂದು ಮೀನು. ಅತಿ ಚಿಕ್ಕದು ಅರ್ಧ ಕೆಜಿಗೂ ಕಡಿಮೆ, ಅತಿ ದೊಡ್ಡದು 46.8 ಕೆಜಿ.

ಮೊದಲ ನೋಟಕ್ಕೆ ಖುಷಿಯ ಸುದ್ದಿ. ಗಂಟೆಗೆ ಸಿಗೋ ಮೀನಿನ ಸಂಖ್ಯೆ ವರ್ಷ ಕಳೆದಂತೆ ಹೆಚ್ಚಾಗಿತ್ತು. ಸರಾಸರಿ ತೂಕ ಕಡಿಮೆ ಆಗಿತ್ತು. ಇದನ್ನ ಹೇಗೆ ಓದಬೇಕು?

ಒಂದು ಓದು ಹೀಗೆ: ಮೀನು ಚೆನ್ನಾಗಿ ಮರಿ ಮಾಡ್ತಿದೆ, ಮರಿಗಳು ಜಾಸ್ತಿ ಇರೋದರಿಂದ ಸರಾಸರಿ ತೂಕ ಇಳಿದಿದೆ. ಶಾಲೆಗೆ ಒಂದನೇ ಕ್ಲಾಸಿನ ಮಕ್ಕಳು ಜಾಸ್ತಿ ಸೇರಿದರೆ ಇಡೀ ಶಾಲೆಯ ಸರಾಸರಿ ಎತ್ತರ ಕಡಿಮೆ ಆಗುತ್ತೆ ಅಲ್ವಾ, ಹಾಗೆ. ಅಂದರೆ ಹಿಡಿದು ಬಿಡೋ ಪದ್ಧತಿ ಗೆದ್ದಿದೆ.

ಆದರೆ ವಿಜ್ಞಾನಿಗಳು ಇನ್ನೊಂದು ಪ್ರಶ್ನೆ ಕೇಳಿದರು. ‘ಎಷ್ಟು ಮೀನು’ ಸರಿ, ‘ಯಾವ ಮೀನು’? ಬಿಡಿಸಿ ನೋಡಿದಾಗ ಲೆಕ್ಕದಲ್ಲಿ ಎರಡು ಬೇರೆ ಬೇರೆ ಮೀನುಗಳಿದ್ದವು. ಒಂದು ಡುಬ್ಬದ ಮಹಶೀರ್. ಇನ್ನೊಂದು ನೀಲಿ ರೆಕ್ಕೆಯ ಮಹಶೀರ್. ಏರ್ತಾ ಇದ್ದದ್ದು ನೀಲಿ ರೆಕ್ಕೆಯದು. ಡುಬ್ಬದ್ದು ಇಳೀತಾ ಇತ್ತು. ಅಷ್ಟೇ ಅಲ್ಲ, ಕೊನೆಯ ವರ್ಷಗಳಲ್ಲಿ ಡುಬ್ಬದ ಮೀನಿನ ಮರಿಗಳು ಕಾಣಿಸೋದೇ ಅಪರೂಪ ಆಗಿತ್ತು. ಸಿಗ್ತಿದ್ದದ್ದು ಬರೀ ಮುದುಕರು.

ಇದು ಹೇಗೆ ಕಣ್ಣಿಗೆ ಬೀಳದೆ ಹೋಯ್ತು ಅಂತ ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ. ಮೊದಲ ವರ್ಷ ಹತ್ತು ಮೀನು ಸಿಕ್ತು ಅಂದ್ಕೊಳ್ಳಿ. ಅದರಲ್ಲಿ ನಾಲ್ಕು ಡುಬ್ಬದ್ದು, ತಲಾ 15 ಕೆಜಿ. ಆರು ನೀಲಿ ರೆಕ್ಕೆಯದು, ತಲಾ 2 ಕೆಜಿ. ಒಟ್ಟು 72 ಕೆಜಿ, ಸರಾಸರಿ 7 ಕೆಜಿ ಚಿಲ್ಲರೆ. ಹತ್ತು ವರ್ಷ ಆದ ಮೇಲೆ ಇಪ್ಪತ್ತು ಮೀನು ಸಿಕ್ತು. ಒಂದೇ ಒಂದು ಡುಬ್ಬದ್ದು, ಉಳಿದ ಹತ್ತೊಂಬತ್ತೂ ನೀಲಿ ರೆಕ್ಕೆಯವು. ಸರಾಸರಿ 3 ಕೆಜಿಗೂ ಕಡಿಮೆ. ಮಹಶೀರ್ ಸಂಖ್ಯೆ ಡಬಲ್ ಆಯ್ತು ಅಂತ ವರದಿ ಬರೀಬಹುದು, ಅದು ಸುಳ್ಳೂ ಅಲ್ಲ. ಆದರೆ ನಾಲ್ಕಿದ್ದ ಜಾಗದಲ್ಲಿ ಒಂದು ಉಳಿದಿದೆ ಅನ್ನೋದು ಆ ವಾಕ್ಯದಲ್ಲಿ ಇಲ್ಲ.

ನೀಲಿ ರೆಕ್ಕೆ ಎಲ್ಲಿಂದ ಬಂತು?

ನೀಲಿ ರೆಕ್ಕೆಯ ಮಹಶೀರ್ ಕೆಟ್ಟ ಮೀನಲ್ಲ, ವಿದೇಶದ್ದೂ ಅಲ್ಲ. ಅದರ ವೈಜ್ಞಾನಿಕ ಹೆಸರು ಟಾರ್ ಖುದ್ರಿ. 1839ರಲ್ಲಿ ಪುಣೆ ಕಡೆಯ ನದಿಯಿಂದ ಅದನ್ನ ವಿವರಿಸಿದ್ದರು. ಅಂದರೆ ಕೃಷ್ಣಾ ಕಣಿವೆಯ ಮೀನು.

1970ರ ದಶಕದಲ್ಲಿ ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಪವರ್ ಸಂಸ್ಥೆಯ ಮರಿ ಕೇಂದ್ರದಲ್ಲಿ ಮಹಶೀರ್ ಮೊಟ್ಟೆ ಮಾಡಿಸಿ ಮರಿ ಬೆಳೆಸೋದು ಯಶಸ್ವಿ ಆಯ್ತು. ಮಹಶೀರ್ ಕಡಿಮೆ ಆಗ್ತಿದೆ ಅನ್ನೋ ಕಳವಳ ಎಲ್ಲ ಕಡೆ ಇತ್ತು. ಹಾಗಾಗಿ ಆ ಮರಿಗಳು ದೇಶದ ಹಲವು ನದಿ, ಜಲಾಶಯಗಳಿಗೆ ಹೋದವು. ಕಾವೇರಿಗೂ ಬಂದವು. ಬಿಟ್ಟವರ ಉದ್ದೇಶ ಒಳ್ಳೇದೇ. ನದಿಯಲ್ಲಿ ಮಹಶೀರ್ ಹೆಚ್ಚಬೇಕು, ಅಷ್ಟೇ. ಆದರೆ ‘ಹೆಚ್ಚು ಮಹಶೀರ್’ ಅನ್ನೋ ಗುರಿಯಲ್ಲಿ ‘ಯಾವ ಮಹಶೀರ್’ ಅನ್ನೋ ಪ್ರಶ್ನೆ ಬಿಟ್ಟುಹೋಗಿತ್ತು. ಹೊಸದಾಗಿ ಬಂದದ್ದು ನದಿಗೆ ಚೆನ್ನಾಗಿ ಒಗ್ಗಿಕೊಳ್ತು.

ಡುಬ್ಬದ ಮೀನು ಕುಸಿಯೋಕೆ ಇದೊಂದೇ ಕಾರಣ ಅಂತ ಹೇಳೋದು ತಪ್ಪಾಗುತ್ತೆ. ಅಣೆಕಟ್ಟು, ಮರಳು ಗಣಿಗಾರಿಕೆ, ಕೊಳಚೆ, ಸಿಡಿಮದ್ದು ಎಲ್ಲವೂ ಆ ನದಿಯ ಮೇಲಿನ ಹೊರೆಯೇ. ಆದರೆ ಹೊಸ ಮೀನಿನ ಸಂಖ್ಯೆ ಹಳೇ ಮೀನಿನ ಕುಸಿತವನ್ನ ಮುಚ್ಚಿಹಾಕಿತು ಅನ್ನೋದು ಲೆಕ್ಕದಲ್ಲೇ ಕಾಣುತ್ತೆ.

ಇನ್ನೊಂದು ವಿಚಿತ್ರ ಕೇಳಿ. ನೂರೈವತ್ತು ವರ್ಷದಿಂದ ಪ್ರಪಂಚದ ಗಾಳಗಾರರ ಬಾಯಲ್ಲಿದ್ದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ! ಕೇರಳದ ಪಾಂಬಾರ್ ನದಿಯಿಂದ ಟಾರ್ ರೆಮಾದೇವಿ ಅಂತ ಒಂದು ಮಹಶೀರ್ ವಿವರಿಸಿದ್ದರು. ಪಾಂಬಾರ್ ನೀರು ಅಮರಾವತಿ ಮೂಲಕ ಕಾವೇರಿಗೇ ಸೇರುತ್ತೆ. ನಮ್ಮ ಡುಬ್ಬದ ಮಹಶೀರ್ ಕೂಡ ಅದೇ ಜಾತಿ ಅಂತ ಸಂಶೋಧಕರು ತೋರಿಸಿದ್ದು 2018ರಲ್ಲಿ. ಹೆಸರು ಇಲ್ಲದಿದ್ದರೆ ಅಳಿವಿನ ಪಟ್ಟಿಗೆ ಸೇರಿಸೋಕೂ ಆಗಲ್ಲ. ಹೆಸರು ಸಿಕ್ಕ ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ‘ಅಳಿವಿನ ಅತಿ ಅಂಚಿನಲ್ಲಿದೆ’ ಅನ್ನೋ ದರ್ಜೆಗೆ ಸೇರಿತು. ಕಾಡಿನಲ್ಲಿ ಪೂರ್ತಿ ಅಳಿದುಹೋಗೋದಕ್ಕೆ ಒಂದೇ ಮೆಟ್ಟಿಲು ಬಾಕಿ. ನೀಲಿ ರೆಕ್ಕೆಯ ಮಹಶೀರ್ ಅದೇ ಪಟ್ಟಿಯಲ್ಲಿ ‘ಆತಂಕ ಕಡಿಮೆ’ ಅನ್ನೋ ದರ್ಜೆಯಲ್ಲಿದೆ.

ಈಗ ಗಾಳವೂ ಇಲ್ಲ, ಲೆಕ್ಕವೂ ಇಲ್ಲ

ಆ ದಾಖಲೆ 2012ಕ್ಕೇ ಯಾಕೆ ನಿಂತಿತು? ಕ್ಯಾಂಪ್‌ಗಳು ಇದ್ದದ್ದು ಕಾವೇರಿ ವನ್ಯಜೀವಿ ಧಾಮದ ಒಳಗೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಧಾಮದೊಳಗೆ ಗಾಳ ಹಾಕೋದೂ ಬೇಟೆಯೇ ಅನ್ನೋ ನಿಲುವು ಬಂದ ಮೇಲೆ ಅಲ್ಲಿ ಗಾಳ ನಿಂತಿತು.

ಇದರ ಬಗ್ಗೆ ಎರಡು ಮಾತಿದೆ, ಎರಡರಲ್ಲೂ ಹುರುಳಿದೆ. ಒಂದು ಕಡೆಯವರು ಹೇಳೋದು: ವಾಪಸ್ ಬಿಟ್ಟರೂ ಮೀನಿಗೆ ನೋವು ನೋವೇ. ಗಂಟೆಗಟ್ಟಲೆ ಸೆಣಸಿ ಸುಸ್ತಾದ ಮೀನು ಆಮೇಲೆ ಸತ್ತರೆ ಯಾರು ನೋಡಿದ್ದಾರೆ? ಹುಲಿಗೆ ಒಂದು ಕಾನೂನು, ಮೀನಿಗೆ ಇನ್ನೊಂದು ಯಾಕೆ? ಇನ್ನೊಂದು ಕಡೆಯವರು ಹೇಳೋದು: ಕ್ಯಾಂಪ್ ಇದ್ದಾಗ ನದಿ ದಡದಲ್ಲಿ ಹಗಲು ರಾತ್ರಿ ಜನ ಇದ್ದರು, ಗೈಡ್‌ಗಳಿಗೆ ಕೆಲಸ ಇತ್ತು, ಸಿಡಿಮದ್ದಿನವರಿಗೆ ಭಯ ಇತ್ತು, ಮೀನಿನ ಲೆಕ್ಕ ಸಿಗ್ತಿತ್ತು.

ಈ ವಾದದಲ್ಲಿ ನೀವು ಯಾವ ಕಡೆ ಇದ್ದರೂ ಒಂದು ಮಾತು ಒಪ್ಪಬೇಕು. ಡುಬ್ಬದ ಮಹಶೀರ್ ಕುಸೀತಾ ಇದೆ ಅಂತ ನಮಗೆ ತಿಳಿದದ್ದೇ ಆ ಗಾಳಗಾರರ ಪುಸ್ತಕದಿಂದ. ಗಾಳ ನಿಲ್ಲಿಸಿದ ಮೇಲೆ ಅದರ ಜಾಗಕ್ಕೆ ಬೇರೆ ಎಣಿಕೆಯ ವ್ಯವಸ್ಥೆ ಬೇಕು. ಈಗ ಈ ಮೀನು ಉಳಿದಿರೋದು ಕಾವೇರಿ ಕಣಿವೆಯ ಕೆಲವೇ ಜಾಗಗಳಲ್ಲಿ, ಮುಖ್ಯವಾಗಿ ನೀಲಗಿರಿ ತಪ್ಪಲಲ್ಲಿ ಹರಿಯೋ ಮೋಯಾರ್ ನದಿಯಲ್ಲಿ.

ದೊಡ್ಡ ಮೀನು ಯಾಕೆ ಮುಖ್ಯ?

‘ಸರಿ, ಒಂದು ಹೋದರೆ ಇನ್ನೊಂದು ಇದೆಯಲ್ಲ, ನದಿಯಲ್ಲಿ ಮೀನಂತೂ ಇದೆ’ ಅಂತ ಯಾರಾದರೂ ಕೇಳಬಹುದು. ಇದಕ್ಕೆ ಎರಡು ಉತ್ತರ.

ಒಂದು, ನೀಲಿ ರೆಕ್ಕೆಯ ಮಹಶೀರ್ ಬೇರೆ ನದಿಗಳಲ್ಲೂ ಇದೆ. ಡುಬ್ಬದ್ದು ಕಾವೇರಿಯಲ್ಲಿ ಹೋದರೆ ಪ್ರಪಂಚದಿಂದಲೇ ಹೋಯ್ತು. ತರೋಕೆ ಬೇರೆ ಊರಿಲ್ಲ.

ಎರಡನೇದು ಎಲ್ಲ ಮೀನಿಗೂ ಅನ್ವಯ ಆಗೋ ವಿಷಯ. ದೊಡ್ಡ ಹೆಣ್ಣು ಮೀನು ಅಂದರೆ ಸಣ್ಣ ಮೀನಿನ ಬರೀ ಹಿಗ್ಗಿದ ರೂಪ ಅಲ್ಲ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸಮುದ್ರದ ಕಾಡ್ ಮೀನಿನ ಉದಾಹರಣೆ ಕೊಡುತ್ತೆ. 30 ಕೆಜಿಯ ಒಂದು ಹೆಣ್ಣು ಕಾಡ್, 2 ಕೆಜಿಯ 28 ಹೆಣ್ಣುಗಳು ಸೇರಿ ಇಡೋದಕ್ಕಿಂತ ಹೆಚ್ಚು ಮೊಟ್ಟೆ ಇಡುತ್ತೆ. ಆ 28ರ ಒಟ್ಟು ತೂಕ 56 ಕೆಜಿ! ಅಂದರೆ ತೂಕದ ಲೆಕ್ಕದಲ್ಲಿ ಒಂದು ದೊಡ್ಡ ತಾಯಿ ತನ್ನ ಪಾಲಿಗಿಂತ ಎಷ್ಟೋ ಹೆಚ್ಚು ಮರಿಗಳನ್ನ ಕೊಡುತ್ತೆ.

ಶುರುವಿನ ಪ್ರಶ್ನೆಗೆ ಈಗ ಇನ್ನೊಂದು ಮುಖ ಬಂತು ನೋಡಿ. 20 ಕೆಜಿಯ ಒಂದು ಮೀನು, 1 ಕೆಜಿಯ ಇಪ್ಪತ್ತು ಮೀನು, ತಕ್ಕಡಿಯಲ್ಲಿ ಸಮ. ನದಿಯಲ್ಲಿ ಸಮ ಅಲ್ಲ.

ಹಳೇ ಕಾಲದಲ್ಲಿ ಹಲವು ಕಡೆ ಒಂದೇ ನಿಯಮ ಇತ್ತು: ಸಣ್ಣದನ್ನ ಬಿಡು, ದೊಡ್ಡದನ್ನ ಇಟ್ಕೋ. ಸಣ್ಣದಕ್ಕೆ ಒಂದು ಸಲ ಮರಿ ಮಾಡೋ ಅವಕಾಶ ಸಿಗಲಿ ಅಂತ. ಈಗ ಹಲವು ಕಡೆ ಸಣ್ಣದನ್ನೂ ಬಿಡು, ತೀರಾ ದೊಡ್ಡದನ್ನೂ ಬಿಡು, ನಡುವಿನದನ್ನ ಮಾತ್ರ ಇಟ್ಕೋ ಅನ್ನೋ ನಿಯಮ ಬಂದಿದೆ. ಆಸ್ಟ್ರೇಲಿಯಾದ ಮರ್ರೆ ಕಾಡ್ ಅನ್ನೋ ನದಿ ಮೀನಿಗೆ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ರಾಜ್ಯಗಳಲ್ಲಿ ಈ ಮಿತಿ 55ರಿಂದ 75 ಸೆಂಟಿಮೀಟರ್. ಅದಕ್ಕಿಂತ ಉದ್ದದ್ದು ಸಿಕ್ಕರೆ ಫೋಟೋ ತೆಗೆದು ಬಿಡಬೇಕು. ದೊಡ್ಡ ಮೀನಿನ ಆಸೆ ಇರೋರಿಗೂ ಖುಷಿ, ಊಟಕ್ಕೆ ಬೇಕು ಅನ್ನೋರಿಗೂ ಖುಷಿ, ತಾಯಿ ಮೀನಿಗೂ ಉಳಿಗಾಲ.

ನೀವು ಗಾಳ ಹಾಕ್ತೀರಾದರೆ

ಕೇಳ್ತಾ ಇರೋರಲ್ಲಿ ವೀಕೆಂಡ್‌ಗೆ ಗಾಳ ಹಿಡಿದು ಹೊರಡೋರು ಇದ್ದರೆ ನಾಲ್ಕು ಮಾತು.

ಮೊದಲನೇದು, ಜಾಗ ತಿಳ್ಕೊಳ್ಳಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ದೇವಸ್ಥಾನದ ಮತ್ಸ್ಯಧಾಮಗಳಲ್ಲಿ ಗಾಳ ಹಾಕಬೇಡಿ. ಕೆರೆ, ಜಲಾಶಯಗಳಲ್ಲಿ ಮೀನಿನ ಗುತ್ತಿಗೆ ಯಾರದ್ದು, ಅನುಮತಿ ಬೇಕಾ ಅಂತ ಮೊದಲೇ ಕೇಳಿ.

ಎರಡನೇದು, ಬಿಡೋದಾದರೆ ಬದುಕೋ ಹಾಗೆ ಬಿಡಿ. ಮುಳ್ಳು ಸವರಿದ ಕೊಕ್ಕೆ ಬಳಸಿ. ಕೈ ಒದ್ದೆ ಮಾಡ್ಕೊಂಡು ಮೀನು ಮುಟ್ಟಿ, ಒಣ ಕೈ ಅದರ ಮೈಮೇಲಿನ ಲೋಳೆ ಪದರವನ್ನ ಕೀಳುತ್ತೆ. ರೀಲ್ಸ್‌ಗೋಸ್ಕರ ಐದು ನಿಮಿಷ ನೀರಿನಿಂದ ಹೊರಗೆ ಹಿಡ್ಕೊಂಡು ನಿಂತರೆ ಅದು ಬಿಟ್ಟ ಹಾಗಲ್ಲ.

ಮೂರನೇದು, ಮನೆಯ ಅಕ್ವೇರಿಯಂ ಮೀನನ್ನಾಗಲಿ, ಬೇರೆ ಕಡೆಯಿಂದ ತಂದ ಮರಿಯನ್ನಾಗಲಿ ಪುಣ್ಯ ಬರುತ್ತೆ ಅಂತ ಕೆರೆ ನದಿಗೆ ಬಿಡಬೇಡಿ. ಕಾವೇರಿಯ ಕಥೆ ಈಗಷ್ಟೇ ಕೇಳಿದ್ರಿ.

ನಾಲ್ಕನೇದು, ಬರೆದಿಡಿ. ತಾರೀಕು, ಎಷ್ಟು ಹೊತ್ತು, ಯಾವ ಮೀನು, ಎಷ್ಟು ಉದ್ದ. ಫೋನ್‌ನ ನೋಟ್ಸ್‌ನಲ್ಲೇ ಸಾಕು. ಪಕ್ಕದಿಂದ ಒಂದು ಸ್ಪಷ್ಟ ಫೋಟೋ. ಮೀನು ಸಿಗದ ದಿನವನ್ನೂ ಬರೀರಿ, ಸೊನ್ನೆಯೂ ಲೆಕ್ಕವೇ. ಗಾಳಿಬೋರೆಯಲ್ಲಿ ಯಾರೋ ಸಂಜೆ ದಣಿದು ಬಂದು ಪುಸ್ತಕದಲ್ಲಿ ಬರೆದ ಸಾಲುಗಳೇ ಹದಿನೈದು ವರ್ಷದ ಕಥೆಯನ್ನ ನಮ್ಮ ಮುಂದೆ ಇಟ್ಟಿದ್ದು.

ಹಾಗಾದರೆ ದೊಡ್ಡದು ಒಂದಾ, ಸಣ್ಣದು ಇಪ್ಪತ್ತಾ? ಇಷ್ಟದ ಮಾತಾದರೆ ನಿಮ್ಮ ಉತ್ತರ ನಿಮಗೆ. ಹೊಸಬರಿಗೆ ಇಪ್ಪತ್ತು ಇರಲಿ, ಹಳಬರಿಗೆ ಒಂದು ಇರಲಿ. ಆದರೆ ನದಿ ಚೆನ್ನಾಗಿದೆಯಾ ಅಂತ ಕೇಳುವಾಗ ಆ ಎರಡೂ ಉತ್ತರ ಸಾಲಲ್ಲ. ಎಷ್ಟು ಅಂತ ಕೇಳಿ, ಎಷ್ಟು ದೊಡ್ಡದು ಅಂತ ಕೇಳಿ, ಜೊತೆಗೆ ಯಾವುದು ಅಂತಲೂ ಕೇಳಿ. ಮುಂದಿನ ಸಲ ಯಾರಾದರೂ ನಿಮ್ಮೂರ ನದಿಗೆ ‘ಇಷ್ಟು ಲಕ್ಷ ಮೀನು ಮರಿ ಬಿಟ್ಟೆವು’ ಅಂತ ಫೋಟೋ ಹಾಕಿದರೆ, ಕಾಮೆಂಟಲ್ಲಿ ಈ ಮೂರನೇ ಪ್ರಶ್ನೆ ಕೇಳಿ ನೋಡಿ.

ನಿಮ್ಮೂರಿನ ಹೊಳೆಯಲ್ಲಿ ಹಿಂದೆ ಇದ್ದು ಈಗ ಕಾಣದ ಮೀನು ಯಾವುದು? ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ಅವರು ಅದಕ್ಕೆ ಏನಂತ ಕರೀತಿದ್ದರು ಅನ್ನೋದನ್ನೂ ಬರೆದು ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.